ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹವಾಮಾನ ಯೋಜನೆಗಳ ಫೋಟೊ ಸ್ಪರ್ಧೆಗೆ ಚಿತ್ರ ಕಳಿಸುವ ಮುನ್ನ

ಹವಾಮಾನ ಬದಲಾವಣೆಯನ್ನು ತಗ್ಗಿಸುವ, ಇಲ್ಲವೇ ಅದರೊಂದಿಗೆ ಬಾಳಲು ನೆರವಾಗುವ ಯೋಜನೆಗಳ ಬಗ್ಗೆ ಅಂತಾರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳು ಆಗಾಗ ನಡೆಯುತ್ತವೆ. ಅವುಗಳ ಕುರಿತು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಸ್ಪರ್ಧೆಯಿಂದ ಸ್ಪರ್ಧೆಗೆ ನಿಯಮ ಬದಲಾಗುತ್ತದೆ. ನೀವು ಕಳಿಸುವ ಸ್ಪರ್ಧೆಯ ನಿಯಮದ ಪುಟವನ್ನು ಮೊದಲು ಅಚ್ಚು ಹಾಕಿಸಿಕೊಂಡು, ಪೆನ್ಸಿಲ್ ಹಿಡಿದು ಓದಿ.

ಪ್ರಶ್ನೆ: ನಮ್ಮ ಕಡೆ ಬ್ಯಾಸಿಗಿಯೊಳಗ ಎರಿ ಹೊಲ ಮೊಣಕೈ ಇಳಿಯುವಷ್ಟು ಬಿರುಕು ಬಿಡ್ತಾವ. ಅದರ ನಡುವ ನಮ್ಮ ಅಜ್ಜ ತಲಿಮ್ಯಾಲ ಕೈ ಹೊತ್ತು ಕುಂತ ಫೋಟೊ ಐತಿ. ನೋಡಿದವರೆಲ್ಲ ಚಲೋ ಐತಿ ಅಂತಾರ. ಕಳಿಸಲೇನ್ರಿ? (ನವಲಗುಂದ)

ಉತ್ತರ: ಮನೆಯ ಗೋಡೆಗೆ ಹಾಕಿ, ಈ ಸ್ಪರ್ಧೆಗೆ ಬೇಡ. ಎರೆ ಮಣ್ಣಿನ ಜೇಡಿ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಂದಿನ ಮುಂಗಾರು, ಹಿಂಗಾರು ಎರಡೂ ಕೈಹಿಡಿದ ವರ್ಷದಲ್ಲೂ ಏಪ್ರಿಲ್ ಹೊತ್ತಿಗೆ ನವಲಗುಂದ, ನರಗುಂದ, ರೋಣದ ಹೊಲಗಳು ಸೀಳುತ್ತವೆ. ಅದು ಆ ಮಣ್ಣಿನ ಗುಣ, ಬರದ ಸಾಕ್ಷಿಯಲ್ಲ. ಚಿತ್ರದ ಕೆಳಗೆ ‘ಹವಾಮಾನ ಬದಲಾವಣೆಯಿಂದ ಬಿರಿದ ಭೂಮಿ’ ಎಂದು ಬರೆದರೆ ಮಣ್ಣು ಬಲ್ಲ ಒಬ್ಬ ತೀರ್ಪುಗಾರರಿದ್ದರೂ ಸಾಕು, ಚಿತ್ರ ಪಕ್ಕಕ್ಕೆ ಹೋಗುತ್ತದೆ. ಅಲ್ಲದೆ ಬಿರಿದ ನೆಲ, ತಲೆ ಹಿಡಿದ ರೈತ ಎಂಬ ಚಿತ್ರ ಇಂಥ ಸ್ಪರ್ಧೆಗಳಿಗೆ ರಾಶಿಗಟ್ಟಲೆ ಬರುತ್ತದೆ.

ಸ್ಪರ್ಧೆಯ ವಿಷಯದಲ್ಲಿ ‘ಯೋಜನೆ’ ಎಂಬ ಪದ ಇದೆಯಲ್ಲ, ಅದನ್ನು ಮರೆಯಬೇಡಿ. ಅವರಿಗೆ ಬೇಕಾದದ್ದು ಸಂಕಟವಲ್ಲ, ಸಂಕಟಕ್ಕೆ ಜನ ಏನು ಮಾಡಿದರು ಎಂಬುದು. ನಿಮ್ಮ ಊರಲ್ಲೇ ಅದಕ್ಕೆ ಒಳ್ಳೆಯ ವಸ್ತುವಿದೆ, ಕೃಷಿ ಹೊಂಡ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳು ಒಣ ಬೇಸಾಯದ ಹಳ್ಳಿಗಳಲ್ಲಿ ಕಾಣಸಿಗುತ್ತವೆ. ಮೇಲ್ಭಾಗ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಬದಿಗಳು 45 ಡಿಗ್ರಿ ಇಳಿಜಾರು ಇದ್ದರೆ ಒಂದು ಹೊಂಡ ತುಂಬಿದಾಗ ಹತ್ತಿರ ಹತ್ತಿರ 9.8 ಲಕ್ಷ ಲೀಟರ್ ಹಿಡಿಯುತ್ತದೆ. ಮಳೆ ಕೈಕೊಟ್ಟ ವಾರದಲ್ಲಿ ಬೆಳೆಗೆ ಒಂದೋ ಎರಡೋ ನೀರು ಕೊಡಲು ಅದೇ ಆಸರೆ.

ಹೊಂಡವನ್ನು ಒಂದೇ ಚಿತ್ರದಲ್ಲಿ ತೋರಿಸುವುದು ಕಷ್ಟ. ಅದೊಂದು ನೀರಿನ ಗುಂಡಿಯಾಗಿಯಷ್ಟೇ ಕಾಣುತ್ತದೆ. ಜೋಡಿ ಚಿತ್ರ ಮಾಡಿ. ಮೊದಲನೆಯದು ಮೇ ಕೊನೆಯಲ್ಲಿ, ದೊಡ್ಡ ಮಳೆಗೆ ಮುಂಚೆ. ಎರಡನೆಯದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ. ಎರಡೂ ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಒಂದೇ ಲೆನ್ಸ್‌ನಿಂದ ಆಗಬೇಕು. ಮೊಬೈಲ್ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುವುದರಿಂದ ಅದನ್ನೇ ನೆಚ್ಚಬೇಡಿ. ಬದುವಿನ ಮೇಲೆ ಒಂದು ಗೂಟ ಹೊಡೆಯಿರಿ, ಅಥವಾ ಅಲುಗಾಡದ ಕಲ್ಲಿಗೆ ಸುಣ್ಣದ ಗುರುತು ಹಾಕಿ. ಟ್ರೈಪಾಡ್ ಎಷ್ಟು ಎತ್ತರ, ಎಷ್ಟು ಎಂಎಂ ಲೆನ್ಸ್, ಎಷ್ಟು ಗಂಟೆ ಎಂದು ಬರೆದಿಡಿ. ಎರಡನೇ ಸಲ ಹೋಗುವಾಗ ಮೊದಲ ಚಿತ್ರದ ಪ್ರತಿ ಕೈಯಲ್ಲಿರಲಿ. ದೂರದ ಬೇವಿನ ಮರ, ಕರೆಂಟ್ ಕಂಬ, ಗುಡಿಯ ಶಿಖರ ಚೌಕಟ್ಟಿನೊಳಗೆ ಎಲ್ಲೆಲ್ಲಿ ಬಿದ್ದಿದ್ದವೋ ಅಲ್ಲಲ್ಲೇ ಬೀಳುವಂತೆ ನಿಲ್ಲಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಮೊದಲ ಸಲ ಮೊಬೈಲಿನ ಅಗಲ ಲೆನ್ಸ್, ಎರಡನೇ ಸಲ ಮಾಮೂಲಿ ಲೆನ್ಸ್. ಆಮೇಲೆ ಕತ್ತರಿಸಿ ಹೊಂದಿಸಲು ಹೋದರೆ ಹತ್ತಿರದ ವಸ್ತು ಕೂಡಿದರೆ ದೂರದ್ದು ಕೂಡುವುದಿಲ್ಲ. ಇನ್ನೊಂದು ಮಾತು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿಗೆ ಕಾಲಿಡಬೇಡಿ. ಒದ್ದೆ ಹಾಳೆ ಮೇಲೆ ಜಾರಿದರೆ ಈಜು ಬರುವವರೂ ಹತ್ತಿ ಬರಲಾರರು. ಬೇಲಿಯ ಹೊರಗಿನಿಂದಲೇ ತೆಗೆಯಿರಿ.

ಪ್ರಶ್ನೆ: ಗದಗ–ಮುಳಗುಂದ ಸುತ್ತಮುತ್ತ ಗಾಳಿ ಫ್ಯಾನುಗಳ ಫೋಟೊ ತೆಗೆದರೆ ಅವು ನಿಂತಿರುವಂತೆಯೇ ಕಾಣುತ್ತವೆ. ತಿರುಗುವಂತೆ ತೋರಿಸುವುದು ಹೇಗೆ? ಮೊಬೈಲಿನಲ್ಲಿ ರೆಕ್ಕೆ ಎರಡೆರಡು ಬರುತ್ತವೆ, ಯಾಕೆ? (ಮುಳಗುಂದ)

ಉತ್ತರ: ಲೆಕ್ಕ ಹಾಕೋಣ. 40 ಮೀಟರ್ ರೆಕ್ಕೆಯ ಯಂತ್ರ ನಿಮಿಷಕ್ಕೆ 15 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 4 ಸೆಕೆಂಡ್. ದೂರದಿಂದ ಸಾವಕಾಶ ತಿರುಗುವಂತೆ ಕಂಡರೂ ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 220 ಕಿ.ಮೀ.ಗೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಷಟರ್ 1/500 ಸೆಕೆಂಡ್ ಮಾತ್ರ ತೆರೆದಿದ್ದರೆ ಅಷ್ಟರಲ್ಲಿ ತುದಿ ಸರಿಯುವುದು 13 ಸೆಂ.ಮೀ. ಮಾತ್ರ. ಯಂತ್ರದ ಪೂರ್ತಿ 120 ಮೀಟರ್ ಎತ್ತರ ನಿಮ್ಮ ಚಿತ್ರದಲ್ಲಿ 3000 ಪಿಕ್ಸೆಲ್ ಆಗಿದ್ದರೆ ಅದು ಮೂರು ಪಿಕ್ಸೆಲ್, ಕಣ್ಣಿಗೆ ನಿಂತಂತೆಯೇ. 1/60ರಲ್ಲಿ ಒಂದು ಮೀಟರ್ ಸರಿಯುತ್ತದೆ, ಅಂದರೆ 26 ಪಿಕ್ಸೆಲ್. ಇದು ಎರಡಕ್ಕೂ ಸಲ್ಲದ ಜಾಗ. ತಿರುಗುವಂತೆಯೂ ಕಾಣದು, ಚೂಪಾಗಿಯೂ ಕಾಣದು, ಕೈ ಅಲುಗಿದಂತೆ ಕಾಣುತ್ತದೆ.

ತಿರುಗುವುದು ಕಾಣಬೇಕಾದರೆ 1/3 ಸೆಕೆಂಡ್ ಹತ್ತಿರ ಇಳಿಯಿರಿ. ಅಷ್ಟರಲ್ಲಿ ರೆಕ್ಕೆ 30 ಡಿಗ್ರಿ ಸರಿದು ಬೀಸಣಿಗೆಯಂತೆ ಹರಡುತ್ತದೆ. ಉರಿ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಎಫ್ (ಲೆನ್ಸ್ ಕಿಂಡಿಯ ಅಳತೆ) 16 ಇಟ್ಟರೂ ಷಟರ್ 1/100 ಕೇಳುತ್ತದೆ. ಆದ್ದರಿಂದ ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ 32 ಫಿಲ್ಟರ್ ಬೇಕು. ಮೋಡ ಕವಿದ ದಿನ ಎನ್‌ಡಿ 8 ಸಾಕು. ಒಂದು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ, ರೆಕ್ಕೆ ಆಕಾಶದಲ್ಲಿ ಕರಗಿ ಬರೀ ಕಂಬ ಉಳಿಯುತ್ತದೆ.

ತೊಂದರೆ ಇರುವುದು ಟ್ರೈಪಾಡಿನಲ್ಲಿ. ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ಗಾಳಿ ಬೀಸದೆ ಯಂತ್ರ ಶುರುವಾಗುವುದೇ ಇಲ್ಲ. ಅದು ಚೆನ್ನಾಗಿ ತಿರುಗುವ ದಿನ ನಿಮ್ಮ ಟ್ರೈಪಾಡೂ ನಡುಗುತ್ತದೆ. ಕಾಲುಗಳನ್ನು ಅಗಲಿಸಿ ತಗ್ಗಾಗಿ ನಿಲ್ಲಿಸಿ, ನಡುಗಂಬ ಮೇಲೆತ್ತಬೇಡಿ, ಕ್ಯಾಮೆರಾ ಪಟ್ಟಿಯನ್ನು ಬಿಚ್ಚಿಡಿ (ಗಾಳಿಗೆ ಪಟಪಟ ಹೊಡೆದು ಅಲುಗಿಸುವುದು ಅದೇ), ಕಾರಿನ ಮರೆಯಲ್ಲಿ ನಿಲ್ಲಿ. ನಡುಗಂಬಕ್ಕೆ ಚೀಲ ತೂಗಿಸುವುದಾದರೆ ಅದರ ಬುಡ ನೆಲಕ್ಕೆ ತಾಗುವಂತೆ ತೂಗಿಸಿ. ತೂಗಾಡುವ ಚೀಲ ಇಲ್ಲದ್ದಕ್ಕಿಂತ ಕೇಡು.

ಮೊಬೈಲಿನಲ್ಲಿ ಜೋಡಿ ರೆಕ್ಕೆ ಬರಲು ಎಚ್‌ಡಿಆರ್ ಕಾರಣ. ಮೊಬೈಲ್ ಹಲವು ಚಿತ್ರಗಳನ್ನು ಬೆನ್ನು ಬೆನ್ನಿಗೆ ತೆಗೆದು ಒಂದರ ಮೇಲೊಂದು ಹೊಲಿಯುತ್ತದೆ, ಆ ಹೊತ್ತಿಗೆ ರೆಕ್ಕೆ ಜಾಗ ಬಿಟ್ಟಿರುತ್ತದೆ. ಎಚ್‌ಡಿಆರ್ ಆಫ್ ಮಾಡಿ, ಪ್ರೊ ಮೋಡ್‌ನಲ್ಲಿ ಷಟರ್ 1/500 ಇಟ್ಟು ತೆಗೆಯಿರಿ.

ಇನ್ನು ಕಾಲ. ಗಾಳಿಯ ಹಂಗಾಮು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಮೋಡ, ಹಸಿರು ಹೆಸರು ಬೆಳೆ, ತಿರುಗುವ ಯಂತ್ರ ಮೂರೂ ಒಟ್ಟಿಗೆ ಸಿಗುತ್ತವೆ. ಡಿಸೆಂಬರ್‌ನಲ್ಲಿ ಹೋಗಿ ನಿಂತ ಯಂತ್ರಗಳನ್ನು ಬೈಯಬೇಡಿ. ಬೇಸಿಗೆಯಲ್ಲಿ ಉದ್ದ ಲೆನ್ಸ್ ಹಿಡಿದು ಮಧ್ಯಾಹ್ನ ತೆಗೆದರೆ ನೆಲದ ಝಳಕ್ಕೆ ದೂರದ ಕಂಬ ನೀರಿನಲ್ಲಿ ಕಂಡಂತೆ ಬಳುಕುತ್ತದೆ. ಲೆನ್ಸ್ ಎಷ್ಟು ದುಬಾರಿಯಾದರೂ ಅದನ್ನು ಸರಿಮಾಡದು. ಸೂರ್ಯ ಹುಟ್ಟಿದ ಮೊದಲ ಒಂದೂವರೆ ತಾಸಿನೊಳಗೆ ಕೆಲಸ ಮುಗಿಸಿ.

ಕೇಳದೆ ಒಂದು ಮಾತು ಹೇಳುತ್ತೇವೆ. ಸಂಜೆಗೆಂಪಿನಲ್ಲಿ ಸಾಲು ಗಾಳಿಯಂತ್ರ ಎಂಬುದು ಕ್ಯಾಲೆಂಡರ್ ಚಿತ್ರ. ಅದರ ಕೆಳಗೆ ಎಡೆ ಹೊಡೆಯುವವರು, ಕುರಿ ಮಂದೆ, ಬುಡದ ಬಾಗಿಲು ತೆರೆದು ಒಳಗೇರುವ ದುರಸ್ತಿಯವರು ಯಾರಾದರೂ ಇರಲಿ. ಕಪ್ಪತಗುಡ್ಡದ ಕಡೆ ತೆಗೆಯುವವರು ಗುಡ್ಡ ಕಡಿದ ರಸ್ತೆಯನ್ನೂ ಮರೆಮಾಚಬೇಕಿಲ್ಲ. ಅದೂ ಆ ಯೋಜನೆಯ ಭಾಗವೇ, ಸ್ಪರ್ಧೆ ಕಂಪನಿಯ ಜಾಹೀರಾತು ಕೇಳಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಿ.

ಪ್ರಶ್ನೆ: ಒಂದು ಸ್ಪರ್ಧೆಯ ನಿಯಮದಲ್ಲಿ ‘ಸಿಡಿಎಂನಲ್ಲಿ ನೋಂದಾಯಿತ ಯೋಜನೆ ಮಾತ್ರ’ ಎಂದಿದೆ. ಸಿಡಿಎಂ ಎಂದರೇನು? ನಮ್ಮೂರಿನ ಯಂತ್ರ ಅದರಲ್ಲಿದೆಯೇ ಎಂದು ತಿಳಿಯುವುದು ಹೇಗೆ? (ಗದಗ)

ಉತ್ತರ: ಸಿಡಿಎಂ ಎಂದರೆ ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ, ಶುದ್ಧ ಅಭಿವೃದ್ಧಿ ವ್ಯವಸ್ಥೆ. 1997ರ ಕ್ಯೋಟೊ ಒಪ್ಪಂದದ 12ನೇ ವಿಧಿಯಿಂದ ಹುಟ್ಟಿದ್ದು. ನಮ್ಮಂಥ ದೇಶದಲ್ಲಿ ಇಂಗಾಲ ಉಳಿಸುವ ಯೋಜನೆಗೆ, ಉಳಿಸಿದ ಪ್ರತಿ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಅಥವಾ ಅದಕ್ಕೆ ಸಮನಾದ ಬೇರೆ ಅನಿಲಕ್ಕೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಅದನ್ನು ಶ್ರೀಮಂತ ದೇಶಗಳು ಕೊಳ್ಳುತ್ತಿದ್ದವು. ಈಗ ಪ್ಯಾರಿಸ್ ಒಪ್ಪಂದದ 6.4ನೇ ವಿಧಿಯ ಹೊಸ ವ್ಯವಸ್ಥೆ ಅದರ ಜಾಗಕ್ಕೆ ಬರುತ್ತಿದೆ. ನಿಯಮದಲ್ಲಿ ಯಾವುದನ್ನು ಹೆಸರಿಸಿದ್ದಾರೆ ನೋಡಿಕೊಳ್ಳಿ. ಕೆಲವು ಕಡೆ ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎಂಬ ಖಾಸಗಿ ನೋಂದಣಿಗಳನ್ನೂ ಒಪ್ಪಬಹುದು.

ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ ತಾಣದಲ್ಲಿ ಸಿಡಿಎಂ ಯೋಜನೆಗಳ ಹುಡುಕುಪುಟವಿದೆ. ದೇಶ ಭಾರತ ಎಂದು ಆರಿಸಿ, ಹೆಸರಿನ ಜಾಗದಲ್ಲಿ ಕರ್ನಾಟಕ ಎಂದು ಇಂಗ್ಲಿಷಿನಲ್ಲಿ ಹಾಕಿ. ಊರಿನ ಹೆಸರಿನಿಂದ ಹುಡುಕಿದರೆ ಸಿಗದೆ ಹೋಗಬಹುದು. ಹಲವು ಜಿಲ್ಲೆಗಳ ಯಂತ್ರಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಹೂಡಿಕೆ ಮಾಡಿದ ಕಂಪನಿಯ ಹೆಸರಿನಲ್ಲಿ ನೋಂದಾಯಿಸುವುದುಂಟು. ಆ ಕಂಪನಿ ಜವಳಿಯದ್ದೋ ಸಿಮೆಂಟಿನದ್ದೋ ಆಗಿರಬಹುದು. ಪ್ರತಿ ಯೋಜನೆಗೂ ಒಂದು ನೋಂದಣಿ ಸಂಖ್ಯೆ, ಅದರ ಕೆಳಗೆ ಯೋಜನಾ ವಿನ್ಯಾಸ ದಾಖಲೆ ಇರುತ್ತದೆ. ಅದರಲ್ಲಿ ‘ಸ್ಥಳ’ ಎಂಬ ಭಾಗಕ್ಕೆ ನೇರ ಹೋಗಿ. ಹಳ್ಳಿ, ತಾಲೂಕು, ಅಕ್ಷಾಂಶ ರೇಖಾಂಶ ಅಲ್ಲಿರುತ್ತವೆ. ಅವನ್ನು ನಕ್ಷೆಯಲ್ಲಿ ಇಟ್ಟು ನೋಡಿ. ಯಂತ್ರದ ಬುಡದಲ್ಲಿ ಬಣ್ಣದಲ್ಲಿ ಬರೆದ ಸಂಖ್ಯೆ ದಾಖಲೆಯ ಪಟ್ಟಿಗೆ ತಾಳೆಯಾದರೆ ಅನುಮಾನವೇ ಬೇಡ. ಆ ಸಂಖ್ಯೆಯ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಸ್ಪರ್ಧೆಗೆ ಕಳಿಸಲು ಅಲ್ಲ, ಕೇಳಿದರೆ ತೋರಿಸಲು. ‘ಪಕ್ಕದ್ದು ನೋಂದಾಯಿತ, ಇದೂ ಇರಬಹುದು’ ಎಂದು ಕಳಿಸಬೇಡಿ.

ಪ್ರಶ್ನೆ: ಮಾಗಡಿ ಕೆರೆಯ ಹೆಬ್ಬಾತುಗಳ ಚಿತ್ರ ನಡೆಯುತ್ತದೆಯೇ? (ಲಕ್ಷ್ಮೇಶ್ವರ)

ಉತ್ತರ: ಹಕ್ಕಿ ಮಾತ್ರ ಇದ್ದರೆ ಅದು ವನ್ಯಜೀವಿ ಸ್ಪರ್ಧೆಯ ಚಿತ್ರ. ಮಾಗಡಿ 2024ರಲ್ಲಿ ರಾಮ್ಸರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ತಾಣ. ಕೆರೆಯ ರಕ್ಷಣೆಗೆ ನಡೆಯುವ ಕೆಲಸ, ಕಾವಲುಗಾರರು, ಊರಿನವರು ಚೌಕಟ್ಟಿನಲ್ಲಿದ್ದು ಹಕ್ಕಿ ಹಿಂದೆ ಇದ್ದರೆ ಕಳಿಸಬಹುದು. ಹಾರುವ ಚಿತ್ರಕ್ಕಾಗಿ ಅವನ್ನು ಎಬ್ಬಿಸಬೇಡಿ.

ಪ್ರಶ್ನೆ: ಮೆಣಸಿನಕಾಯಿ ಒಣಗಿಸುವ ಸೌರ ಡ್ರೈಯರ್ ಒಳಗೆ ತೆಗೆದ ಚಿತ್ರಗಳಲ್ಲಿ ಕಾಯಿಗಳೆಲ್ಲ ಒಂದೇ ಕೆಂಪು ಮುದ್ದೆಯಾಗಿವೆ, ಸುಕ್ಕು ಕಾಣುವುದೇ ಇಲ್ಲ. ಕ್ಯಾಮೆರಾ ಕೆಟ್ಟಿದೆಯೇ? (ಬ್ಯಾಡಗಿ)

ಉತ್ತರ: ಕ್ಯಾಮೆರಾ ಸರಿಯಿದೆ, ಬ್ಯಾಡಗಿ ಕಾಯಿ ತನ್ನ ಕೆಲಸ ಮಾಡಿದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿ ಅದು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಅಳೆಯುತ್ತದೆ. ಬೆಳಕು ಸರಿಯಿದೆಯೇ ಎಂದು ನಿರ್ಧರಿಸುವಾಗ ಸರಾಸರಿ ನೋಡುತ್ತದೆ. ರಾಶಿ ಕೆಂಪಿನಲ್ಲಿ ಸರಾಸರಿ ಸರಿಯಾಗಿ ಕಂಡರೂ ಕೆಂಪೊಂದೇ ತುಂಬಿ ತುಳುಕಿರುತ್ತದೆ. ತುಳುಕಿದ ಜಾಗದಲ್ಲಿ ಸುಕ್ಕಿಲ್ಲ, ನೆರಳಿಲ್ಲ. ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಹಾಕಿ ಕೆಂಪಿನದನ್ನೇ ನೋಡಿ. ಅದು ಬಲಗಡೆಯ ಗೋಡೆಗೆ ಒರಗಿದ್ದರೆ ಎಕ್ಸ್‌ಪೋಷರ್ ಅನ್ನು ಮೈನಸ್ 0.7ಕ್ಕೆ ಇಳಿಸಿ, ಸಾಲದಿದ್ದರೆ ಮೈನಸ್ 1. ‘ವಿವಿಡ್’ ಬಣ್ಣ ಆರಿಸಿದ್ದರೆ ‘ನ್ಯೂಟ್ರಲ್’ ಮಾಡಿ. ರಾ ಕಡತದಲ್ಲಿ (ಕ್ಯಾಮೆರಾ ಹದ ಮಾಡದ ಮೂಲ ಕಡತ) ತೆಗೆದರೆ ಸ್ವಲ್ಪ ತುಳುಕಿದ್ದನ್ನು ಹಿಂದೆ ತರಬಹುದು, ಜೆಪೆಗ್‌ನಲ್ಲಿ ಹೋದದ್ದು ಹೋಯಿತು.

ಡ್ರೈಯರ್ ಹಾಳೆ ಹಳದಿ ತಿರುಗಿದ್ದರೆ ಒಳಗಿನ ಬೆಳಕೂ ಹಳದಿ. ಅಲ್ಲೇ ಒಂದು ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿ. ಒಳಗೆ ಸೆಕೆ, ಹೊರಗಿನಿಂದ ತಂದ ಲೆನ್ಸಿಗೆ ಹಬೆ ಕಟ್ಟಿದರೆ ಬಟ್ಟೆಯಿಂದ ಒರೆಸಬೇಡಿ, ಕಾಯಿಯ ದೂಳು ಗಾಜನ್ನು ಗೀರುತ್ತದೆ. ಚೀಲದಲ್ಲೇ ಹತ್ತು ಹದಿನೈದು ನಿಮಿಷ ಬಿಟ್ಟು ಬೆಚ್ಚಗಾದ ಮೇಲೆ ತೆಗೆಯಿರಿ. ಡ್ರೈಯರ್ ಯಾಕೆ ಬಂತು ಎಂಬುದು ಚಿತ್ರದಲ್ಲಿರಲಿ: ಹೊರಗಿನ ಕಣದಲ್ಲಿ ಹರವಿದ ಕಾಯಿ, ಮೇಲೆ ಅಕಾಲದ ಮೋಡ, ತೆರೆದ ಬಾಗಿಲಿನ ಒಳಗೆ ಒಣಗುತ್ತಿರುವ ಕಾಯಿ. ಇವು ಒಂದೇ ಚೌಕಟ್ಟಿಗೆ ಬಂದರೆ ಮಾತೇ ಬೇಡ.

ಪ್ರಶ್ನೆ: ಅತ್ತಿಗೆಯವರ ಮನೆಯಲ್ಲಿ ಗೋಬರ್ ಗ್ಯಾಸ್ ಒಲೆ ಇದೆ. ಉರಿಯ ಚಿತ್ರ ತೆಗೆದರೆ ಉರಿಯೇ ಕಾಣುವುದಿಲ್ಲ. (ಕುಂದಗೋಳ)

ಉತ್ತರ: ಗೋಬರ್ ಗ್ಯಾಸಿನ ಒಳ್ಳೆಯ ಉರಿ ತಿಳಿನೀಲಿ, ಹಗಲಿನ ಬೆಳಕಿಗೆ ಅದು ಸೋಲುತ್ತದೆ. ಫ್ಲ್ಯಾಷ್ ಹಾಕಿದರಂತೂ ಮಾಯ. ಫ್ಲ್ಯಾಷ್ ಆಫ್ ಮಾಡಿ, ಒಲೆಯ ಎದುರಿನ ಕಿಟಕಿ ಮುಚ್ಚಿ, ಪಕ್ಕದ ಕಿಟಕಿ ಅರ್ಧ ತೆರೆದಿಡಿ. ಮುಖಕ್ಕೆ ಬೆಳಕು ಬೀಳುತ್ತದೆ, ಉರಿಯ ಹಿಂದೆ ಕತ್ತಲು ಉಳಿಯುತ್ತದೆ. ಐಎಸ್‌ಒ 800ರಿಂದ 1600, ಎಫ್ 2, ಷಟರ್ 1/60ರಿಂದ ಶುರು ಮಾಡಿ. ಆ ಗೋಡೆಯ ಮೇಲೆ ಹಳೆಯ ಕಟ್ಟಿಗೆ ಒಲೆಯ ಮಸಿ ಉಳಿದಿದ್ದರೆ ಸುಣ್ಣ ಬಳಿಯುವ ಮುಂಚೆಯೇ ಹೋಗಿ. ಮಸಿಗೋಡೆಯ ಮುಂದೆ ನೀಲಿ ಉರಿ, ಹಿಂದಿನದು ಮತ್ತು ಈಗಿನದು ಒಂದೇ ಚಿತ್ರದಲ್ಲಿ. ಉರಿ ಹಳದಿಯಾಗಿದ್ದರೆ ಬರ್ನರ್‌ನ ಗಾಳಿಯ ಕಿಂಡಿ ಕಟ್ಟಿಕೊಂಡಿರಬಹುದು, ಮೊದಲು ಅದನ್ನು ಸ್ವಚ್ಛ ಮಾಡಿಸಿ. ಚಿತ್ರಕ್ಕಲ್ಲದಿದ್ದರೂ ಪಾತ್ರೆಗೆ ಒಳ್ಳೆಯದು.

ವಿವರಣೆಗೆ ಬೇಕಾಗುವ ಲೆಕ್ಕ: 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು. ಅಂದರೆ ನಾಲ್ಕೈದು ದನ. ಐದಾರು ಜನರ ಅಡುಗೆಗೆ ಸಾಕಾಗುವಷ್ಟು ಅನಿಲ. ಕಟ್ಟಿಗೆ ಉಳಿಯುವುದೊಂದು ಲಾಭ, ಮೀಥೇನ್ ಸುಟ್ಟುಹೋಗುವುದು ಇನ್ನೊಂದು. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಚಿತ್ರಕ್ಕಾಗಿ ಸಗಣಿ ಗುಂಡಿಯ ಒಳಗೆ ಯಾರನ್ನೂ ಇಳಿಸಬೇಡಿ. ಖಾಲಿಯಾಗಿ ಕಂಡರೂ ಒಳಗಿನ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ.

ಪ್ರಶ್ನೆ: ನಮ್ಮ ಚಿಗರಿ ಬಸ್ಸು ಹವಾಮಾನ ಯೋಜನೆಯೇ? ಡ್ರೋನ್ ಹಾರಿಸಿ ತೆಗೆಯಬೇಕೆಂದಿದ್ದೇನೆ. (ಹುಬ್ಬಳ್ಳಿ)

ಉತ್ತರ: ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೇ ಮೀಸಲಾದ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ಮಾರ್ಗ ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ ಆದದ್ದು. ಬಸ್ಸು ಡೀಸೆಲ್‌ನದ್ದೇ ಆದರೂ ಸಾರ್ವಜನಿಕ ಸಾರಿಗೆ ಎಂಬ ವಿಭಾಗವಿದ್ದರೆ ಸಲ್ಲುತ್ತದೆ, ‘ಶೂನ್ಯ ಹೊಗೆ’ ಎಂದು ಮಾತ್ರ ಬರೆಯಬೇಡಿ. ಷಟರ್ 1/30 ಇಟ್ಟು, ಬಸ್ಸಿನ ಓಟಕ್ಕೆ ಸಮನಾಗಿ ಕ್ಯಾಮೆರಾ ತಿರುಗಿಸುತ್ತ ತೆಗೆದರೆ ಪಕ್ಕದ ರಸ್ತೆಯ ವಾಹನಗಳ ದಟ್ಟಣೆ ಗೆರೆಗೆರೆಯಾಗಿ ಹಿಂದೆ ಸರಿಯುತ್ತದೆ. ಹತ್ತರಲ್ಲಿ ಒಂದು ಸರಿ ಬರುತ್ತದೆ, ಬೇಸರಪಡಬೇಡಿ.

ಡ್ರೋನ್ ಬೇಡ ಎನ್ನುತ್ತೇವೆ. 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಸರಹದ್ದಿನಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಗೋಕುಲ ರಸ್ತೆಯ ನಿಲ್ದಾಣದಿಂದ ಅಳೆದರೆ ಹುಬ್ಬಳ್ಳಿಯ ಬಹುಭಾಗ ಆ ವೃತ್ತದೊಳಗೆ ಬರುತ್ತದೆ. 8ರಿಂದ 12 ಕಿ.ಮೀ. ನಡುವೆ 200 ಅಡಿ, ಅದರಾಚೆ 400 ಅಡಿ, ಅನುಮತಿ ಬೇಡದ ಹಸಿರು ವಲಯದ ಮಿತಿ. ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಜಾಗ ನೋಡದೆ ಹಾರಿಸಬೇಡಿ. ಅನುಮತಿ ಪತ್ರ ಕೇಳಿದಾಗ ಕೊಡಲಾಗದಿದ್ದರೆ ಗೆದ್ದ ಚಿತ್ರವೂ ಕೈಬಿಟ್ಟುಹೋಗಬಹುದು. ಗಾಳಿಯಂತ್ರದ ಬಳಿ ಹಾರಿಸುವವರಿಗೂ ಒಂದು ಎಚ್ಚರಿಕೆ: ರೆಕ್ಕೆಯ ಹಿಂಬದಿಯಲ್ಲಿ ಗಾಳಿ ಸುಳಿಯಾಗಿರುತ್ತದೆ, ಡ್ರೋನ್ ಹಿಡಿತ ತಪ್ಪುವುದು ಅಲ್ಲೇ.

ಪ್ರಶ್ನೆ: ಕಳಿಸಿದ ಚಿತ್ರ ‘ಅಳತೆ ಸಾಲದು’ ಎಂದು ಎರಡು ಸಲ ತಿರಸ್ಕೃತವಾಯಿತು. ಸ್ಟುಡಿಯೊದವರು 300 ಡಿಪಿಐ ಮಾಡಿಕೊಟ್ಟರೂ ಹಾಗೆಯೇ ಆಯಿತು. (ಹಾವೇರಿ)

ಉತ್ತರ: ಚಿತ್ರ ಸ್ಟುಡಿಯೊಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಗಿತ್ತೇ? ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಸುಕಿ, ಮಾಮೂಲಿಯಾಗಿ ಉದ್ದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. ದಿನಾಂಕ, ಕ್ಯಾಮೆರಾ ವಿವರವೂ ಅಳಿಯುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಡಿಪಿಐ ಎಂಬುದು ಇಂಚಿಗೆ ಎಷ್ಟು ಚುಕ್ಕಿ ಎಂದು ಅಚ್ಚಿನವರಿಗೆ ಬರೆದ ಒಂದು ಚೀಟಿ ಮಾತ್ರ. 1600 ಪಿಕ್ಸೆಲ್‌ಗೆ 300 ಎಂದು ಚೀಟಿ ಅಂಟಿಸಿದರೆ ಪಿಕ್ಸೆಲ್ ಹೆಚ್ಚುವುದಿಲ್ಲ. 4000 ಪಿಕ್ಸೆಲ್ ಇದ್ದರೆ 300ರಲ್ಲಿ 13 ಇಂಚು ಅಗಲ ಅಚ್ಚಾಗುತ್ತದೆ, 1600 ಇದ್ದರೆ 5 ಇಂಚು ಚಿಲ್ಲರೆ. 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರ 4000×3000. ಅದರ ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು ಬರೀ 3 ಮೆಗಾಪಿಕ್ಸೆಲ್. ಜೂಮ್ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

ಕೊನೆಯ ಕಡತ: ಜೆಪೆಗ್, ಎಸ್‌ಆರ್‌ಜಿಬಿ ಬಣ್ಣ, ಗುಣಮಟ್ಟ 90ಕ್ಕಿಂತ ಮೇಲೆ. ಕಡತದ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ, ಕೆಲವು ಅರ್ಜಿ ತಾಣಗಳು ಅದಕ್ಕೇ ಮುಗ್ಗರಿಸುತ್ತವೆ. ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು, ಮೊಬೈಲ್ ಕಂಪನಿಯ ಮುದ್ರೆ, ದಿನಾಂಕ ಇರಬಾರದು. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಆ ಮುದ್ರೆಯನ್ನು ಈಗಲೇ ಆಫ್ ಮಾಡಿ, ಆಮೇಲೆ ಅಳಿಸಲು ಹೋದರೆ ಅದೇ ತಿದ್ದುಪಡಿಯಾಗುತ್ತದೆ. ತಿದ್ದುವುದೆಂದರೆ ಕತ್ತರಿಸುವುದು, ಬೆಳಕು, ಬಣ್ಣ ಹದ ಮಾಡುವುದು, ಅಷ್ಟೇ. ಕರೆಂಟ್ ತಂತಿ ಅಳಿಸಿದರೂ, ಬೋಳು ಆಕಾಶಕ್ಕೆ ಮೋಡ ತಂದು ಹಾಕಿದರೂ, ಎಐ ಮುಟ್ಟಿದರೂ ಹೊರಗೆ. ಕೊನೆಯ ಸುತ್ತಿಗೆ ಬಂದವರಿಂದ ಮೂಲ ಕಡತ ಕೇಳುವುದು ಈಗ ರೂಢಿ. ರಾ ಕಡತ ಅಥವಾ ಕ್ಯಾಮೆರಾದಿಂದ ಬಂದ ಜೆಪೆಗ್ ಅನ್ನು ಹೆಸರೂ ಬದಲಿಸದೆ ಎರಡು ಕಡೆ ಇಟ್ಟಿರಿ. ಕ್ಯಾಮೆರಾ ಗಡಿಯಾರವನ್ನೂ ನೋಡಿ. ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ ದಿನಾಂಕ ಹಿಂದಕ್ಕೆ ಓಡಿರುತ್ತದೆ. ‘ಕಳೆದ ಎರಡು ವರ್ಷದಲ್ಲಿ ತೆಗೆದದ್ದು’ ಎಂಬ ನಿಯಮವಿದ್ದರೆ ಆ ಒಂದು ತಪ್ಪು ಸಾಕು.

ಪ್ರಶ್ನೆ: ಒಂದು ಸಂಸ್ಥೆಗೆ ಹಣ ಪಡೆದು ಸೌರ ಪಂಪ್‌ಸೆಟ್ ಚಿತ್ರ ತೆಗೆದುಕೊಟ್ಟಿದ್ದೆ. ಅವನ್ನು ನನ್ನ ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಬಹುದೇ? ಪ್ರವೇಶ ಶುಲ್ಕ ಕಟ್ಟಬೇಕೇ? (ಧಾರವಾಡ)

ಉತ್ತರ: ಲಿಖಿತ ಅನುಮತಿ ಇಲ್ಲದೆ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆಯವರ ಬೇಡಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ. ತೆಗೆದವರು ನೀವು ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ನಿಮ್ಮಲ್ಲೇ ಉಳಿಯುತ್ತದೆ, ಆದರೆ ಸ್ಪರ್ಧೆಯ ಅರ್ಜಿಯಲ್ಲಿ ‘ಸಂಪೂರ್ಣ ಹಕ್ಕು ನನ್ನದು’ ಎಂದು ಸಹಿ ಹಾಕಲು ಅಷ್ಟು ಸಾಲದು. ಮುಂದಿನ ಸಲ ಕೆಲಸ ಒಪ್ಪುವಾಗಲೇ ‘ಸ್ಪರ್ಧೆ, ಪ್ರದರ್ಶನಕ್ಕೆ ಬಳಸುವ ಹಕ್ಕು ಛಾಯಾಗ್ರಾಹಕರದು’ ಎಂಬ ಒಂದು ಸಾಲು ಬರೆಸಿಕೊಳ್ಳಿ.

ಶುಲ್ಕವಿದ್ದ ಮಾತ್ರಕ್ಕೆ ಮೋಸವಲ್ಲ, ಉಚಿತವೆಂದ ಮಾತ್ರಕ್ಕೆ ಪ್ರಾಮಾಣಿಕವೂ ಅಲ್ಲ. ಹಕ್ಕಿನ ಭಾಗ ಓದಿ. ‘ಸ್ಪರ್ಧೆಯ ಪ್ರಚಾರಕ್ಕೆ, ಹೆಸರು ಹಾಕಿ, ಇಷ್ಟು ವರ್ಷ’ ಎಂದಿದ್ದರೆ ಸರಿ. ‘ಬಂದ ಎಲ್ಲ ಚಿತ್ರಗಳನ್ನೂ, ಶಾಶ್ವತವಾಗಿ, ಯಾವುದೇ ಉದ್ದೇಶಕ್ಕೆ, ಬೇರೆಯವರಿಗೂ ಕೊಡುವ ಹಕ್ಕಿನೊಂದಿಗೆ’ ಎಂದಿದ್ದರೆ ಅದು ಪುಕ್ಕಟೆ ಚಿತ್ರ ಕೂಡಿಹಾಕುವ ಬಲೆ. ಗೆದ್ದ ಮೇಲೆ ಪದಕಕ್ಕೆ, ಪುಸ್ತಕಕ್ಕೆ ಹಣ ಕೇಳುವವರಿಗೂ ದೂರದಿಂದಲೇ ನಮಸ್ಕಾರ.

ಪ್ರಶ್ನೆ: ಇಂಗ್ಲಿಷಿನಲ್ಲಿ ವಿವರಣೆ ಬರೆಯುವುದೇ ತಲೆನೋವು. ಚಿತ್ರದಲ್ಲಿರುವವರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಕೇ? (ರಾಣೆಬೆನ್ನೂರು)

ಉತ್ತರ: ಮೊದಲು ಕನ್ನಡದಲ್ಲಿ ಬರೆಯಿರಿ, ಸಣ್ಣ ವಾಕ್ಯಗಳಲ್ಲಿ. ಮಾದರಿಗೆ ಒಂದು: ‘ಕುಂದಗೋಳ ತಾಲೂಕಿನ ರೈತ ಮಹಿಳೆಯೊಬ್ಬರು 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರದ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದಾರೆ. ಹಿಂದಿನ ಗೋಡೆಯ ಮಸಿ ಕಟ್ಟಿಗೆ ಒಲೆಯ ಕಾಲದ್ದು.’ ಇದಕ್ಕೆ ತಿಂಗಳು, ವರ್ಷ, ಜಿಲ್ಲೆ, ರಾಜ್ಯ, ದೇಶ ಸೇರಿಸಿ. ‘ನಾಳಿನ ಭರವಸೆ’, ‘ಪ್ರಕೃತಿಯ ಕೂಗು’ ಇವೆಲ್ಲ ಬೇಡ. ಕಣ್ಣಿಗೆ ಕಾಣದ್ದನ್ನು ವಿವರಣೆ ಹೇಳಬೇಕು. ಸೌರ ಪಂಪ್‌ನ ಚಿತ್ರದಲ್ಲಿ ಹಗಲು ನೀರು ಬಿಡುವ ರೈತ ಕಾಣುತ್ತಾರೆ. ಮೊದಲು ತ್ರೀಫೇಸ್ ಕರೆಂಟ್ ರಾತ್ರಿ ಬರುತ್ತಿದ್ದರಿಂದ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೋಗುತ್ತಿದ್ದರು ಎಂಬುದು ಕಾಣುವುದಿಲ್ಲ. ಅದನ್ನು ಅವರ ಬಾಯಿಂದ ಕೇಳಿ ಖಚಿತಪಡಿಸಿಕೊಂಡು ಬರೆಯಿರಿ.

ಎಕರೆಯನ್ನು ಹೆಕ್ಟೇರ್ ಮಾಡಿ (1 ಎಕರೆ ಸುಮಾರು 0.4 ಹೆಕ್ಟೇರ್), ಲಕ್ಷವನ್ನು ಅಂಕಿಯಲ್ಲೇ ಬರೆಯಿರಿ. ಬದುವಿಗೆ ಅನುವಾದ ಹುಡುಕುತ್ತ ಕೂರಬೇಡಿ, ‘ಮಳೆನೀರು ಹಿಡಿಯುವ ಮಣ್ಣಿನ ಒಡ್ಡು’ ಎಂದು ಬಿಡಿಸಿ ಹೇಳಿ. ಇಂಗಾಲದ ಅಂಕಿ ಬೇಕೇ ಬೇಕಾದರೆ ಮೀಟರ್‌ನಿಂದ ಲೆಕ್ಕ ತೆಗೆಯಿರಿ. ನಮ್ಮ ಗ್ರಿಡ್‌ನ ಒಂದು ಯೂನಿಟ್ ಉಳಿದರೆ ಸುಮಾರು 0.7 ಕೆ.ಜಿ., ಒಂದು ಲೀಟರ್ ಡೀಸೆಲ್ ಉಳಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಉಳಿದಂತೆ.

ಬಾಯಿಮಾತು ಸಾಲದು. ಒಂದು ಹಾಳೆಯ ಮೇಲೆ ಮೇಲ್ಭಾಗ ಕನ್ನಡ, ಕೆಳಭಾಗ ಇಂಗ್ಲಿಷ್ ಇರುವ ಒಪ್ಪಿಗೆ ಪತ್ರ ಮಾಡಿಸಿ: ಅವರ ಹೆಸರು, ಊರು, ಚಿತ್ರ ತೆಗೆದ ದಿನ, ಸ್ಪರ್ಧೆಯ ಹೆಸರು, ಎಲ್ಲೆಲ್ಲಿ ಪ್ರಕಟವಾಗಬಹುದು, ಸಹಿ. ಹೆಬ್ಬೆಟ್ಟಾದರೆ ಪಕ್ಕದಲ್ಲಿ ಸಾಕ್ಷಿಯ ಸಹಿ. ಮಕ್ಕಳಿದ್ದರೆ ತಂದೆ ಇಲ್ಲವೇ ತಾಯಿಯದ್ದು, ಶಾಲೆಯ ಮೇಷ್ಟ್ರದ್ದು ನಡೆಯದು. ಓದಿ ಹೇಳಿದ ಮೇಲೆಯೇ ಸಹಿ ಕೇಳಿ. ಪತ್ರ ಕಂಡರೆ ‘ಹೊಲದ ಕಾಗದವೇನೋ’ ಎಂದು ಹೆದರುವವರಿದ್ದಾರೆ, ಅವರ ಮನೆಯ ಓದಿದ ಮಕ್ಕಳನ್ನು ಕೂರಿಸಿಕೊಂಡು ಓದಿಸಿ. ತೆಗೆದ ಚಿತ್ರದ ಒಂದು ಪ್ರತಿ ಅಚ್ಚು ಹಾಕಿಸಿ ಅವರಿಗೆ ಕೊಡಿ.

ಪ್ರಶ್ನೆ: ಕೊನೆಯ ದಿನ ರಾತ್ರಿ 12ರ ತನಕ ಎಂದರೆ ನಮ್ಮ ಗಡಿಯಾರವೋ ಅವರದೋ? (ಶಿಗ್ಗಾಂವಿ)

ಉತ್ತರ: ಅವರದು. ಯುಟಿಸಿ (ಜಾಗತಿಕ ಸಮಯ) 23:59 ಎಂದಿದ್ದರೆ ನಮ್ಮಲ್ಲಿ ಮರುದಿನ ಬೆಳಗಿನ 5:29. ಜರ್ಮನಿ, ಫ್ರಾನ್ಸ್ ಕಡೆಯ ಸಮಯವಾದರೆ ಚಳಿಗಾಲದಲ್ಲಿ 4:29, ಅವರು ಗಡಿಯಾರ ಮುಂದಿಡುವ ಬೇಸಿಗೆಯಲ್ಲಿ 3:29. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 05/06 ಎಂದರೆ ಅವರಿಗೆ ಮೇ 6, ನಮಗೆ ಜೂನ್ 5. ಎರಡು ದಿನ ಮುಂಚೆಯೇ ಕಳಿಸಿ. ವಿವರಣೆಯನ್ನು ಅರ್ಜಿಯ ಪುಟದಲ್ಲೇ ಕೂತು ಬರೆಯಬೇಡಿ, ನಡುವೆ ಕರೆಂಟ್ ಹೋದರೆ ಎಲ್ಲ ಅಳಿಯುತ್ತದೆ. ಬೇರೆ ಕಡತದಲ್ಲಿ ಬರೆದಿಟ್ಟು ಅಲ್ಲಿಗೆ ಅಂಟಿಸಿ. ಹೆಸರು ಪಾಸ್‌ಪೋರ್ಟ್ ಅಥವಾ ಬ್ಯಾಂಕ್ ಪುಸ್ತಕದಲ್ಲಿ ಇರುವಂತೆಯೇ ಇರಲಿ. ಬಹುಮಾನದ ಹಣ ಹೊರದೇಶದಿಂದ ಬರಲು ಐಎಫ್‌ಎಸ್‌ಸಿ ಸಾಲದು, ಸ್ವಿಫ್ಟ್ ಸಂಕೇತ ಬೇಕು, ಅದು ಎಲ್ಲ ಶಾಖೆಗಳಲ್ಲಿ ಇರುವುದಿಲ್ಲ. ಕಳಿಸಿದ ಮೇಲೆ ಬರುವ ಸ್ವೀಕೃತಿ ಮಿಂಚಂಚೆ ಕಾಣದಿದ್ದರೆ ಮೊದಲು ಸ್ಪ್ಯಾಮ್ ಪೆಟ್ಟಿಗೆ ನೋಡಿ, ಅಲ್ಲೂ ಇಲ್ಲದಿದ್ದರೆ ಅರ್ಜಿ ಹೋಗಿಲ್ಲವೆಂದೇ ತಿಳಿದು ಇನ್ನೊಮ್ಮೆ ಕಳಿಸಿ.